ಮಾತಿನ ಸರದಿ ಯಾರ ಹಕ್ಕು?

ಕೆಲವು ವರ್ಷಗಳ ಹಿಂದೆ ಕರಾವಳಿಯ ನಮ್ಮ ಮೊಹಲ್ಲಾದಲ್ಲಿ ಮದ್ರಸದ ವೇಳೆಯನ್ನು ಬದಲಿಸುವ ಕುರಿತು ಜಮಾಅತಿನ ಸಭೆಯೊಂದು ನಡೆಯಿತು. ಮುಂಜಾನೆ 7 ಗಂಟೆಗೆ ಮದ್ರಸ ಆರಂಭವಾದರೆ 7.45ಕ್ಕೆ ಶಾಲೆಯ ಬಸ್ಸು ರಸ್ತೆಯ ತಿರುವಿನಲ್ಲಿ ಬಂದು ಹಾರ್ನ್ ಹಾಕುತ್ತಿತ್ತು. ಮಕ್ಕಳು ಪಾಠವನ್ನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು. ಮದ್ರಸವನ್ನು ಮಗ್ರಿಬ್ ನಮಾಝಿನ ನಂತರಕ್ಕೆ ವರ್ಗಾಯಿಸಬೇಕೆಂಬ ಸಲಹೆ ಸಭೆಯ ಮುಂದಿತ್ತು. ಇಶಾದ ಬಳಿಕ ಆರಂಭವಾದ ಸಭೆ ಎರಡು ಗಂಟೆ ನಡೆಯಿತು. ಸುಮಾರು 70 ಜನರಿದ್ದರು. ಮಾತನಾಡಿದವರು ಐದು ಮಂದಿ. ಆ ಐವರಲ್ಲಿ ನಾವೂ ಇದ್ದೆವು.

ನಾವೆಷ್ಟು ಹೊತ್ತು ಮಾತನಾಡಿದೆವೆಂಬುದು ಅಂದು ನಮಗೆ ಅರಿವಾಗಲಿಲ್ಲ. ಮಾತನಾಡುವವನಿಗೆ ತನ್ನ ಇಪ್ಪತ್ತು ನಿಮಿಷ ಐದು ನಿಮಿಷದಂತೆ ಕಾಣುತ್ತದೆ. ಕೇಳುವವನಿಗೆ ಅದೇ ಇಪ್ಪತ್ತು ನಿಮಿಷ ಒಂದು ಗಂಟೆಯಾಗುತ್ತದೆ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದವರೊಬ್ಬರು ಅಲ್ಲಿನ ಶಾಲೆಗಳ ಶಿಸ್ತನ್ನು ವಿವರಿಸಿದರು. ಇನ್ನೊಬ್ಬರು ಮದ್ರಸದ ಕಟ್ಟಡಕ್ಕೆ ತಮ್ಮ ಕುಟುಂಬ ನೀಡಿದ ನೆರವಿನಿಂದ ಮಾತು ಆರಂಭಿಸಿ, ಅಲ್ಲಿಗೇ ಮುಗಿಸಿದರು. ಗೋಡೆಗೊರಗಿ ಕುಳಿತಿದ್ದ ಉಸ್ತಾದರನ್ನು ಯಾರೂ ಏನೂ ಕೇಳಲಿಲ್ಲ. ಮಕ್ಕಳನ್ನು ಎಬ್ಬಿಸಿ, ಉಣಿಸಿ, ಕಳುಹಿಸುವ ತಾಯಂದಿರಂತೂ ಸಭೆಯಲ್ಲಿ ಇರಲೇ ಇಲ್ಲ. ತೀರ್ಮಾನವು ಸರ್ವಾನುಮತದಿಂದ ಅಂಗೀಕಾರವಾಯಿತೆಂದು ನಡಾವಳಿ ಪುಸ್ತಕದಲ್ಲಿ ಬರೆಯಲಾಯಿತು.

ಮೂರು ತಿಂಗಳೊಳಗೆ ಮೇಲಿನ ತರಗತಿಗಳ ಏಳು ಹೆಣ್ಣುಮಕ್ಕಳು ಮದ್ರಸ ಬಿಟ್ಟರು. ಮಳೆಗಾಲದ ಕತ್ತಲಲ್ಲಿ ತೋಟಗಳ ನಡುವಿನ ಕಾಲುದಾರಿಯಲ್ಲಿ ಮನೆಗೆ ಮರಳುವುದು ಅವರಿಂದ ಸಾಧ್ಯವಿರಲಿಲ್ಲ. ಬೀಡಿ ಕಟ್ಟುವ ಮನೆಗಳಲ್ಲಿ ಸಂಜೆಯ ಹೊತ್ತೆಂದರೆ ಮರುದಿನ ಬ್ರಾಂಚಿಗೆ ಒಯ್ಯಬೇಕಾದ ಕಟ್ಟುಗಳನ್ನು ತಾಯಿ ಮಗಳು ಸೇರಿ ಮುಗಿಸುವ ಹೊತ್ತು. ಇದನ್ನೆಲ್ಲ ಸಭೆಯಲ್ಲಿದ್ದ ಒಬ್ಬರು ಮೊದಲೇ ಬಲ್ಲವರಾಗಿದ್ದರು, ಅದೇ ಉಸ್ತಾದರು. ಅಂದೇ ಏಕೆ ಹೇಳಲಿಲ್ಲವೆಂದು ನಾವು ತುಸು ಆಕ್ಷೇಪದ ಧ್ವನಿಯಲ್ಲೇ ಕೇಳಿದೆವು. "ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಹೊತ್ತಾಗಿತ್ತು" ಎಂದರು.

ಹೊತ್ತು ತಾನಾಗಿ ಆಗಿರಲಿಲ್ಲ. ಅದನ್ನು ಖರ್ಚು ಮಾಡಿದವರು ನಾವು ಐವರು.

ಸಮಾಲೋಚನೆಯ ಮಹತ್ವವನ್ನು ನಮ್ಮ ಸಮುದಾಯಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ಅಶ್ಶೂರಾ. ಆ ಅಧ್ಯಾಯದ 38ನೇ ಸೂಕ್ತವು ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುವಾಗ ಪರಸ್ಪರ ಸಮಾಲೋಚನೆಯನ್ನು ಇರಿಸಿರುವ ಸ್ಥಾನ ಗಮನಾರ್ಹವಾದುದು. ಒಂದು ಬದಿಯಲ್ಲಿ ನಮಾಝ್, ಇನ್ನೊಂದು ಬದಿಯಲ್ಲಿ ಅಲ್ಲಾಹನು ದಯಪಾಲಿಸಿದ್ದರಿಂದ ಖರ್ಚು ಮಾಡುವುದು, ನಡುವೆ ಸಮಾಲೋಚನೆ. ಅಂದರೆ ಅದು ಆರಾಧನೆಗಳ ಸಾಲಿನಲ್ಲಿ ನಿಂತಿರುವ ಕಾರ್ಯವೇ ಹೊರತು ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡಲ್ಲ. ಆದರೆ ನಮ್ಮ ನಡವಳಿಕೆ ನೋಡಿ. ಇಶಾದ ಸಫ್ಫಿನಲ್ಲಿ ಭುಜಕ್ಕೆ ಭುಜ ಸೇರಿಸಿ ನಿಲ್ಲುತ್ತೇವೆ. ಹೆಚ್ಚು ದೇಣಿಗೆ ನೀಡಿದವರಿಗೆ ಅಲ್ಲಿ ಒಂದು ಅಂಗುಲವೂ ಹೆಚ್ಚು ಸ್ಥಳವಿಲ್ಲ. ಸಲಾಮ್ ಹೇಳಿ ಹತ್ತು ನಿಮಿಷ ಕಳೆದು ಅದೇ ಮಸೀದಿಯಲ್ಲಿ ಸಭೆ ಆರಂಭವಾಗುತ್ತಲೇ, ಸಫ್ಫಿನಲ್ಲಿ ಅಳಿಸಿಹೋಗಿದ್ದ ಅಂತಸ್ತುಗಳೆಲ್ಲ ಒಂದೊಂದಾಗಿ ಮರಳಿ ಬಂದು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತುಕೊಳ್ಳುತ್ತವೆ.

ಸಭೆಯ ಹೊತ್ತು ಅಲ್ಲಿ ಕುಳಿತಿರುವ ಎಲ್ಲರ ಸೊತ್ತು, ಇನ್ನೊಬ್ಬನ ಸರದಿಯನ್ನು ನುಂಗುವುದು ಅವನ ಹಕ್ಕನ್ನು ನುಂಗಿದಂತೆ ಎಂಬುದು ನಮ್ಮ ಅಭಿಪ್ರಾಯ. ಹಕ್ಕು ಎಂಬ ಪದ ಇಲ್ಲಿ ಭಾರವಾಯಿತೆಂದು ಕೆಲವರಿಗೆ ತೋರಬಹುದು. ಅಂಥವರು ಸಹ್‌ಲ್ ಬಿನ್ ಸಅದ್(ರ)ರಿಂದ ವರದಿಯಾಗಿ ಬುಖಾರಿಯಲ್ಲಿ ದಾಖಲಾಗಿರುವ ಘಟನೆಯೊಂದನ್ನು ನೆನಪಿಸಿಕೊಳ್ಳಬೇಕು. ಪ್ರವಾದಿವರ್ಯರ(ಸ) ಮುಂದೆ ಪಾನೀಯವನ್ನು ತರಲಾಯಿತು. ಅವರು ಅದರಿಂದ ಕುಡಿದರು. ಬಲಬದಿಯಲ್ಲಿ ಆ ಸಭೆಯಲ್ಲೇ ಅತ್ಯಂತ ಕಿರಿಯನಾದ ಹುಡುಗನಿದ್ದ, ಎಡಬದಿಯಲ್ಲಿ ಹಿರಿಯರಿದ್ದರು. ಬಲಬದಿಯಿಂದ ಕೊಡುತ್ತಾ ಹೋಗುವುದು ಕ್ರಮ. ಹಿರಿಯರಿಗೆ ಮೊದಲು ಕೊಡಲು ನೀನು ಅನುಮತಿಸುವೆಯಾ ಎಂದು ಪ್ರವಾದಿವರ್ಯರು(ಸ) ಆ ಹುಡುಗನನ್ನು ಕೇಳಿದರು. ತಮ್ಮಿಂದ ನನಗೆ ದೊರೆಯುವ ಪಾಲನ್ನು ನಾನು ಯಾರಿಗೂ ಬಿಟ್ಟುಕೊಡಲಾರೆನೆಂದು ಹುಡುಗ ಹೇಳಿದ. ಅವರು ಪಾತ್ರೆಯನ್ನು ಅವನ ಕೈಗೇ ಇತ್ತರು. ಗದರಲಿಲ್ಲ, ಹಿರಿಯರ ಮುಂದೆ ಹೀಗೆ ಹೇಳಬಹುದೇ ಎಂದು ಬುದ್ಧಿ ಹೇಳಲಿಲ್ಲ. ಒಂದು ಗುಟುಕು ಪಾನೀಯದ ಸರದಿಯಲ್ಲೇ ಬಾಲಕನೊಬ್ಬನ ಅನುಮತಿ ಬೇಕಾಯಿತೆಂದರೆ, ಊರಿನ ಮಕ್ಕಳ ಭವಿಷ್ಯವನ್ನು ತೀರ್ಮಾನಿಸುವ ಸಭೆಯಲ್ಲಿ ಇನ್ನೊಬ್ಬರ ಸರದಿಯನ್ನು ನಾವು ಯಾರ ಅನುಮತಿ ಪಡೆದು ತೆಗೆದುಕೊಳ್ಳುತ್ತಿದ್ದೇವೆ?

ಇಲ್ಲಿ ಹಿರಿಯರ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹಿರಿಯರು ಮಾತನಾಡುವಾಗ ಕಿರಿಯರು ಬಾಯಿ ಮುಚ್ಚಿಕೊಂಡಿರಬೇಕೆಂಬುದಕ್ಕೆ ಒಂದು ಹದೀಸನ್ನು ಆಧಾರವಾಗಿ ತೋರಿಸುವವರಿದ್ದಾರೆ. ಖೈಬರಿನಲ್ಲಿ ಅಬ್ದುಲ್ಲಾ ಬಿನ್ ಸಹ್‌ಲ್(ರ) ಕೊಲೆಯಾದಾಗ ಅವರ ಸಹೋದರ ಅಬ್ದುರ್ರಹ್ಮಾನ್(ರ) ಹಾಗೂ ಬಂಧುಗಳಾದ ಹುವಯ್ಯಿಸಾ(ರ) ಮತ್ತು ಮುಹಯ್ಯಿಸಾ(ರ) ಪ್ರವಾದಿವರ್ಯರ(ಸ) ಬಳಿಗೆ ಬಂದರು. ಎಲ್ಲರಿಗಿಂತ ಕಿರಿಯರಾದ ಅಬ್ದುರ್ರಹ್ಮಾನ್(ರ) ಮಾತು ಆರಂಭಿಸಿದಾಗ, ಹಿರಿಯರಿಗೆ ಅವಕಾಶ ಕೊಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ನಿಜ. ಆದರೆ ಆ ಸೂಚನೆಯು ಯಾರು ಮೊದಲು ಮಾತನಾಡಬೇಕೆಂಬುದಕ್ಕೆ ಸಂಬಂಧಿಸಿದ್ದು. ಒಂದು ವರದಿಯಂತೆ ಮುಹಯ್ಯಿಸಾ(ರ)ರಿಗೂ ಅದೇ ಮಾತು ಹೇಳಲಾಯಿತು. ಹಿರಿಯರಾದ ಹುವಯ್ಯಿಸಾ(ರ) ಮಾತನಾಡಿದರು, ಆ ಬಳಿಕ ಮುಹಯ್ಯಿಸಾ(ರ)ರೂ ಮಾತನಾಡಿದರು. ಹಿರಿಯರು ಮೊದಲು ಎಂಬ ಶಿಷ್ಟಾಚಾರವನ್ನು ನಾವು ಹಿರಿಯರು ಮಾತ್ರ ಎಂದು ಓದಿಕೊಂಡೆವು. ಮೊದಲಿನವರು ಕೊನೆಯವರೆಗೂ ಮಾತನಾಡುತ್ತಲೇ ಇದ್ದರೆ ಎರಡನೆಯವರ ಸರದಿ ಬರುವುದೆಂದು?

ಹಝ್ರತ್ ಉಮರ್(ರ)ರ ಸಭೆಯಲ್ಲಿ ಈ ಕ್ರಮ ಹೇಗೆ ನಡೆಯಿತೆಂಬುದೂ ಬುಖಾರಿಯಲ್ಲಿದೆ. ಬದ್ರ್‌ನಲ್ಲಿ ಹೋರಾಡಿದ ಹಿರಿಯರ ಜೊತೆಯಲ್ಲಿ ಅವರು ಯುವಕರಾದ ಇಬ್ನು ಅಬ್ಬಾಸ್(ರ)ರನ್ನು ಕುಳ್ಳಿರಿಸುತ್ತಿದ್ದರು. ನಮಗೂ ಇವನ ವಯಸ್ಸಿನ ಮಕ್ಕಳಿದ್ದಾರಲ್ಲ, ಇವನೊಬ್ಬನೇ ಏಕೆ ಎಂದು ಕೆಲವರಿಗೆ ಅಸಮಾಧಾನವಾಯಿತು. ಉಮರ್(ರ) ವಾದಕ್ಕಿಳಿಯಲಿಲ್ಲ. ಒಂದು ದಿನ ಎಲ್ಲರನ್ನೂ ಸೇರಿಸಿ ಅನ್ನಸ್ರ್ ಅಧ್ಯಾಯದ ತಾತ್ಪರ್ಯವನ್ನು ಕೇಳಿದರು. ಹಿರಿಯರಲ್ಲಿ ಕೆಲವರು ಉತ್ತರಿಸಿದರು, ಕೆಲವರು ಸುಮ್ಮನಿದ್ದರು. ಆ ಬಳಿಕ ಇಬ್ನು ಅಬ್ಬಾಸ್(ರ)ರತ್ತ ತಿರುಗಿ ನೀನೇನು ಹೇಳುವೆ ಎಂದರು. ಅದು ಪ್ರವಾದಿವರ್ಯರ(ಸ) ಅಗಲಿಕೆ ಸಮೀಪಿಸಿದ್ದರ ಸೂಚನೆ ಎಂದು ಆ ಯುವಕ ಉತ್ತರಿಸಿದ. ತನ್ನ ತಿಳುವಳಿಕೆಯೂ ಅದೇ ಎಂದು ಉಮರ್(ರ) ದೃಢಪಡಿಸಿದರು. ಹಿರಿಯರನ್ನೇ ಮೊದಲು ಕೇಳಿದ್ದರಿಂದ ಅವರ ಗೌರವಕ್ಕೆ ಕುಂದಾಗಲಿಲ್ಲ. ಕಿರಿಯನನ್ನೂ ಕೇಳಿದ್ದರಿಂದ ಸಭೆಗೆ ಸಿಗಬೇಕಾದದ್ದು ಸಿಕ್ಕಿತು.

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಉಮರ್(ರ)ರ ಮನೆಯಲ್ಲೇ ಉದಾಹರಣೆಯಿದೆ. ಎಲೆ ಉದುರದ, ಸತ್ಯವಿಶ್ವಾಸಿಗೆ ಹೋಲಿಕೆಯಾಗುವ ಮರ ಯಾವುದೆಂದು ಪ್ರವಾದಿವರ್ಯರು(ಸ) ಒಮ್ಮೆ ಸಂಗಾತಿಗಳನ್ನು ಕೇಳಿದ್ದರು. ಜನರ ಯೋಚನೆ ಕಾಡಿನ ಮರಗಳತ್ತ ಹರಿಯಿತು. ಅದು ಖರ್ಜೂರದ ಮರವೆಂದು ಅಬ್ದುಲ್ಲಾ ಬಿನ್ ಉಮರ್(ರ)ರಿಗೆ ಹೊಳೆದಿತ್ತು. ಆದರೆ ಸುತ್ತಲೂ ಹಿರಿಯರೇ ಇದ್ದುದರಿಂದ ಸಂಕೋಚಪಟ್ಟು ಸುಮ್ಮನಾದರು. ಬಳಿಕ ತಂದೆಯೊಡನೆ ಹೇಳಿಕೊಂಡಾಗ, ನೀನು ಅಲ್ಲಿ ಹೇಳಿದ್ದರೆ ನನಗೆ ಬಹಳ ಸಂತೋಷವಾಗುತ್ತಿತ್ತೆಂದು ತಂದೆ ಬೇಸರಿಸಿದರು. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ತಂದೆಯರು ಹೀಗೆ ಬೇಸರಿಸುತ್ತಾರೆ? ದೊಡ್ಡವರ ನಡುವೆ ನಿನಗೇನು ಕೆಲಸ ಎಂಬುದೇ ಹೆಚ್ಚಾಗಿ ಕೇಳಿಬರುವ ಮಾತು. ಹಾಗೆ ಬೆಳೆದ ಹುಡುಗರು ನಲವತ್ತು ವಯಸ್ಸಾದ ಮೇಲೂ ಮಸೀದಿಯ ಸಭೆಯಲ್ಲಿ ಮೌನವಾಗಿರುತ್ತಾರೆ. ಸಭೆ ಮುಗಿದ ಮೇಲೆ ಚಪ್ಪಲಿ ಹುಡುಕುತ್ತಾ ಗೇಟಿನ ಬಳಿ ತಮ್ಮ ಅಭಿಪ್ರಾಯ ಹೇಳುತ್ತಾರೆ. ಗೇಟಿನ ಬಳಿಯ ಆ ಎರಡನೇ ಸಭೆಯಿಂದ ನಮ್ಮ ಎಷ್ಟು ಜಮಾಅತುಗಳು ಒಡೆದಿವೆಯೆಂದು ಇಲ್ಲಿ ವಿವರಿಸುವುದು ಬೇಡ.

ಆದುದರಿಂದ ಸರದಿಯ ಹೊಣೆಯನ್ನು ಮಾತುಗಾರನ ಸಂಯಮಕ್ಕಷ್ಟೇ ಬಿಡಲಾಗದು. ಸಭೆ ನಡೆಸುವವನ ಹೊಣೆ ಅದಕ್ಕಿಂತ ದೊಡ್ಡದು. ಹಿಜರಿ 2ನೇ ವರ್ಷದ ರಮಝಾನಿನಲ್ಲಿ, ಬದ್ರ್‌ನ ದಾರಿಯಲ್ಲಿ, ಖುರೈಶರ ಸೇನೆ ಹೊರಟಿರುವ ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಜೊತೆಗಿದ್ದವರ ಸಲಹೆ ಕೇಳಿದರು. ಅಬೂಬಕರ್(ರ) ಮಾತನಾಡಿದರು, ಚೆನ್ನಾಗಿಯೇ ಮಾತನಾಡಿದರು. ಉಮರ್(ರ) ಮಾತನಾಡಿದರು. ಮಿಖ್ದಾದ್(ರ)ರ ಮಾತಂತೂ ಎಲ್ಲರಲ್ಲೂ ಹುರುಪು ತುಂಬಿತು. ನಮ್ಮ ಯಾವ ಅಧ್ಯಕ್ಷರೇ ಆಗಿದ್ದರೂ ಅಲ್ಲಿಗೆ ಸಭೆ ಮುಗಿಸಿ ಫಾತಿಹಾ ಓದಿಸುತ್ತಿದ್ದರು. ಪ್ರವಾದಿವರ್ಯರು(ಸ) ಮತ್ತೆ ಕೇಳಿದರು: ಜನರೇ, ನನಗೆ ಸಲಹೆ ಕೊಡಿ. ಏಕೆಂದರೆ ಅದುವರೆಗೆ ಮಾತನಾಡಿದವರೆಲ್ಲ ಮುಹಾಜಿರರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅನ್ಸಾರರು. ಅವರು ಅಖಬಾದಲ್ಲಿ ಮಾಡಿದ ಕರಾರು ಮದೀನಾದೊಳಗೆ ಪ್ರವಾದಿವರ್ಯರನ್ನು(ಸ) ರಕ್ಷಿಸುವುದಕ್ಕೆ ಸಂಬಂಧಿಸಿತ್ತು. ಮದೀನಾದ ಹೊರಗಿನ ಈ ಯುದ್ಧದ ಭಾರ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ. ಕೊನೆಗೆ ಸಅದ್ ಬಿನ್ ಮುಆದ್(ರ) ಎದ್ದು, ತಾವು ನಮ್ಮನ್ನೇ ಉದ್ದೇಶಿಸಿ ಕೇಳುತ್ತಿರುವಂತಿದೆ ಎಂದರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಅಹುದು ಎಂಬ ಉತ್ತರ ಬಂತು. ಅವರು ತಮ್ಮ ಜನರ ಪರವಾಗಿ ಮಾತನಾಡಿದ ಬಳಿಕವೇ ಸೇನೆ ಮುಂದೆ ಹೊರಟಿತು.

ಈ ಘಟನೆಯನ್ನು ನಾವು ಪ್ರತಿ ರಮಝಾನಿನ 17ರಂದು ಪ್ರವಚನಗಳಲ್ಲಿ ಕೇಳುತ್ತೇವೆ; ಸಅದ್(ರ)ರ ಮಾತಿನ ಶೌರ್ಯಕ್ಕೆ ತಲೆದೂಗುತ್ತೇವೆ. ಆ ಮಾತು ಹೊರಬರುವವರೆಗೆ ಕಾದ ಪ್ರವಾದಿವರ್ಯರ(ಸ) ತಾಳ್ಮೆಯತ್ತ ನಮ್ಮ ಗಮನ ಹರಿದದ್ದು ಕಡಿಮೆ. ಯಾರು ಇನ್ನೂ ಮಾತನಾಡಿಲ್ಲ, ಈ ತೀರ್ಮಾನದ ಭಾರ ಯಾರ ಹೆಗಲಿಗೇರುತ್ತದೆ ಎಂಬ ಎರಡು ವಿಷಯಗಳು ಅಲ್ಲಿ ಸಭೆ ನಡೆಸುವವರ ಮನಸ್ಸಿನಲ್ಲಿದ್ದುವು. ಸಭೆಗೆ ಬಂದ ಪ್ರತಿಯೊಬ್ಬನಿಗೂ ತೂಗಿ ಅಳೆದು ಒಂದೇ ಸಮನಾದ ನಿಮಿಷಗಳನ್ನು ಹಂಚಬೇಕೆಂದು ನಾವು ವಾದಿಸುತ್ತಿಲ್ಲ. ಖಬರಸ್ಥಾನದ ಗೋಡೆಯ ಚರ್ಚೆಯಲ್ಲಿ ಗೋಡೆಗೆ ತಾಗಿ ಮನೆಯಿರುವವನಿಗೆ ಹೆಚ್ಚು ಹೊತ್ತು ಬೇಕು. ಲೆಕ್ಕಪತ್ರ ಮಂಡಿಸುವ ಖಜಾಂಚಿಗೆ ಮೂರು ನಿಮಿಷ ಸಾಲದು. ಸಮಾನ ಹಂಚಿಕೆಯೂ ನ್ಯಾಯದ ಹಂಚಿಕೆಯೂ ಎಲ್ಲ ವೇಳೆಯಲ್ಲೂ ಒಂದೇ ಆಗಿರುವುದಿಲ್ಲ. ಆದರೆ ಭಾರ ಹೊರಬೇಕಾದವನಿಗೆ ಶೂನ್ಯ, ಭಾರವಿಲ್ಲದವನಿಗೆ ಇಪ್ಪತ್ತು ನಿಮಿಷ ಎಂಬುದನ್ನು ಯಾವ ತಕ್ಕಡಿಯಲ್ಲಿಟ್ಟರೂ ನ್ಯಾಯವೆನ್ನಲಾಗದು.

ಸ್ತ್ರೀಯರ ವಿಷಯದಲ್ಲಿ ನಮ್ಮ ಲೋಪ ಇನ್ನೂ ದೊಡ್ಡದು. ಪ್ರವಾದಿವರ್ಯರ(ಸ) ಸಮಯವನ್ನೆಲ್ಲ ಪುರುಷರೇ ಪಡೆದುಕೊಳ್ಳುತ್ತಿದ್ದಾರೆ, ನಮಗಾಗಿ ಒಂದು ದಿನವನ್ನು ನಿಗದಿಪಡಿಸಬೇಕೆಂದು ಮದೀನಾದ ಸ್ತ್ರೀಯರು ಕೇಳಿಕೊಂಡರು. ಅವರು ಒಪ್ಪಿ ದಿನ ಗೊತ್ತುಮಾಡಿದರು, ಅಂದು ಅವರನ್ನು ಭೇಟಿಯಾಗಿ ಬೋಧಿಸಿದರು. ಅಬೂ ಸಈದ್ ಅಲ್‌ಖುದ್ರಿ(ರ) ಇದನ್ನು ವರದಿ ಮಾಡಿದ್ದಾರೆ. ಆ ದೂರು ಸಮಯ ಹಂಚಿಕೆಯನ್ನೇ ಕುರಿತದ್ದಾಗಿತ್ತೆಂಬುದನ್ನು ಗಮನಿಸಬೇಕು. ಅದನ್ನು ಯಾರೂ ಧಿಕ್ಕಾರವೆಂದು ಭಾವಿಸಲಿಲ್ಲ. ತನ್ನ ಪತಿಯ ವಿರುದ್ಧ ದೂರು ತಂದು ಪ್ರವಾದಿವರ್ಯರೊಡನೆ(ಸ) ವಾದಿಸಿದ ಸ್ತ್ರೀಯ ಮಾತನ್ನು ಅಲ್ಲಾಹನು ಆಲಿಸಿದನೆಂಬುದರಿಂದಲೇ ಕುರ್‌ಆನಿನ 58ನೇ ಅಧ್ಯಾಯ ಆರಂಭವಾಗುತ್ತದೆ. ಏಳಾಕಾಶಗಳ ಒಡೆಯನು ಆಲಿಸಿದ ಧ್ವನಿಯನ್ನು ಆಲಿಸಲು ಹತ್ತು ಸದಸ್ಯರ ಆಡಳಿತ ಸಮಿತಿಗೆ ಪುರುಸೊತ್ತಿಲ್ಲವೆಂದಾದರೆ ಏನು ಹೇಳೋಣ!

ಹಿಜರಿ 23ರ ಕೊನೆಯಲ್ಲಿ ಉಮರ್(ರ) ಹುತಾತ್ಮರಾದ ಬಳಿಕ ಮುಂದಿನ ಖಲೀಫರನ್ನು ಆರಿಸುವ ಹೊಣೆ ಆರು ಮಂದಿಯ ಮೇಲಿತ್ತು. ಅವರಲ್ಲೊಬ್ಬರಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಮ್ಮ ಉಮೇದುವಾರಿಕೆಯನ್ನು ಬಿಟ್ಟುಕೊಟ್ಟು ಸಮಾಲೋಚನೆ ನಡೆಸುವ ಕೆಲಸವನ್ನು ಕೈಗೆತ್ತಿಕೊಂಡರು. ಕೇಳುವವನಿಗೆ ಸ್ವಂತ ಆಸೆಯಿದ್ದರೆ ಕಿವಿ ಕಿವುಡಾಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಮೂರು ರಾತ್ರಿಗಳು ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲ. ಆ ದಿನಗಳಲ್ಲಿ ಅವರು ಮುಖಂಡರನ್ನು ಮಾತ್ರವಲ್ಲ, ಪರದೆಯೊಳಗಿನ ಸ್ತ್ರೀಯರನ್ನು ಕೂಡ ಕೇಳಿದರು, ಪಾಠಶಾಲೆಗಳಲ್ಲಿ ಕಲಿಯುವ ಹುಡುಗರನ್ನು ಕೂಡ ವಿಚಾರಿಸಿದರು ಎಂದು ಇತಿಹಾಸಕಾರ ಇಬ್ನು ಕಸೀರ್ ಬರೆದಿದ್ದಾರೆ. ಖಿಲಾಫತ್ತಿನ ಪ್ರಶ್ನೆಗೆ ಮದ್ರಸದ ಮಕ್ಕಳನ್ನು ಕೇಳಲಾಯಿತು. ನಾವು ಮದ್ರಸದ ಪ್ರಶ್ನೆಗೇ ಮದ್ರಸದ ಮಕ್ಕಳನ್ನು ಕೇಳಲಿಲ್ಲ. ಈ ಸಾಲನ್ನು ಮೊದಲ ಬಾರಿ ಓದಿದ ದಿನ ನಮಗೆ ಆ ಏಳು ಹೆಣ್ಣುಮಕ್ಕಳ ನೆನಪಾಗಿ, ಪುಸ್ತಕವನ್ನು ಮುಚ್ಚಿಟ್ಟೆವು.

ಮಸೀದಿಯ ಸಭೆಗಿಂತ ಚಿಕ್ಕ ಸಭೆ ಪ್ರತಿ ಮನೆಯಲ್ಲೂ ನಡೆಯುತ್ತದೆ. ಹಾಲೂಡುವ ಮಗುವಿಗೆ ಹಾಲು ಬಿಡಿಸುವಂಥ ವಿಷಯದಲ್ಲೂ ತಂದೆತಾಯಿಯರಿಬ್ಬರ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಯನ್ನು ಕುರ್‌ಆನ್ ಅಲ್‌ಬಖರ ಅಧ್ಯಾಯದ 233ನೇ ಸೂಕ್ತದಲ್ಲಿ ಪ್ರಸ್ತಾಪಿಸಿದೆ. ನಮ್ಮಲ್ಲಿ ಮಗಳ ಮದುವೆಯ ಮಾತುಕತೆಗೆ ಮಾವಂದಿರು, ಚಿಕ್ಕಪ್ಪಂದಿರು, ಬಾಪನ ಗೆಳೆಯರು ಎಲ್ಲರೂ ಸೇರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿದೆ, ಅದನ್ನು ಹೇಳಲು ಬೇಕಾದಷ್ಟು ಹೊತ್ತೂ ಇದೆ. ಕೊನೆಗೆ ಉಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳನ್ನು "ನಿನಗೆ ಒಪ್ಪಿಗೆಯಲ್ಲವೇ?" ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲೇ ಉತ್ತರವಿದೆ. ಕನ್ಯೆಯ ಮೌನವೇ ಸಮ್ಮತಿಯೆಂಬ ಹದೀಸನ್ನು ಆಗ ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಆಕೆಯನ್ನು ಕೇಳಬೇಕೆಂಬುದು ಅದೇ ಹದೀಸಿನ ಮೊದಲ ಭಾಗವೆಂಬುದನ್ನು ಮರೆಯುತ್ತಾರೆ. ನಾಚಿಕೆಯ ಮೌನ ಒಂದು, ಮಾತಿಗೆ ಎಡೆಯೇ ಸಿಗದ ಮೌನ ಇನ್ನೊಂದು.

ಇನ್ನು, ಇನ್ನೊಬ್ಬರ ಮಾತು ಮುಗಿಯಿತೇ ಎಂದು ತಿಳಿದುಕೊಳ್ಳುವ ಸೌಜನ್ಯ. ಮಕ್ಕಾದಲ್ಲಿ ಖುರೈಶರ ಪರವಾಗಿ ಉತ್ಬಾ ಬಿನ್ ರಬೀಆ ಬಂದು ಪ್ರವಾದಿವರ್ಯರಿಗೆ(ಸ) ಸಂಪತ್ತು, ನಾಯಕತ್ವ ಮುಂತಾದ ಆಮಿಷಗಳನ್ನು ಒಡ್ಡಿದ. ಅವುಗಳಲ್ಲಿ ಅವಮಾನಕರವಾದ ಮಾತುಗಳೂ ಇದ್ದುವು. ಪ್ರವಾದಿವರ್ಯರು(ಸ) ಎಲ್ಲವನ್ನೂ ಕೇಳಿ, ಅವನ ಗೌರವದ ಹೆಸರಿನಿಂದಲೇ ಕರೆದು, ನಿನ್ನ ಮಾತು ಮುಗಿಯಿತೇ ಎಂದು ವಿಚಾರಿಸಿದರು. ಮುಗಿಯಿತೆಂದ ಬಳಿಕವೇ ತಮ್ಮ ಉತ್ತರವನ್ನು ಆರಂಭಿಸಿದರು. ಎದುರಾಳಿಗೆ ದೊರೆತ ಈ ಅವಕಾಶ ನಮ್ಮಲ್ಲಿ ಸ್ವಂತ ತಮ್ಮನಿಗೆ ದೊರೆಯುವುದಿಲ್ಲ.

ಎರಡನೇ ಬಾರಿ ಮದ್ರಸದ ವಿಷಯಕ್ಕೆ ಸಭೆ ಕರೆದಾಗ ನಮ್ಮ ಮೊಹಲ್ಲಾದಲ್ಲಿ ಕ್ರಮವನ್ನು ತುಸು ಬದಲಿಸಲಾಯಿತು. ಮಾತನಾಡಲಿಚ್ಛಿಸುವ ಎಲ್ಲರಿಗೂ ಒಂದು ಸರದಿ ಸಿಗುವ ಮೊದಲು ಯಾರಿಗೂ ಎರಡನೇ ಸರದಿಯಿಲ್ಲ. ಒಬ್ಬೊಬ್ಬರಿಗೆ ಮೂರು ನಿಮಿಷ. ಗಡಿಯಾರ ಅಧ್ಯಕ್ಷರ ಮೊಬೈಲಿನಲ್ಲಿ. ಅಧ್ಯಕ್ಷರ ಸ್ವಂತ ಅಭಿಪ್ರಾಯ ಎಲ್ಲರದ್ದೂ ಮುಗಿದ ಮೇಲೆ. ತಾಯಂದಿರ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆಸಿ ತರುವಂತೆ ಮಕ್ಕಳಿಗೆ ಹಿಂದಿನ ದಿನವೇ ಹೇಳಲಾಗಿತ್ತು. ಇದು ಸುಲಭವಾಗಿ ನಡೆಯಲಿಲ್ಲ. ಮೊಬೈಲು ಸದ್ದು ಮಾಡಿದಾಗ ಹಿರಿಯರೊಬ್ಬರು ತಮಗೆ ಅವಮಾನವಾಯಿತೆಂದು ಎದ್ದು ಹೋದರು. ಮರುದಿನ ಇಬ್ಬರು ಅವರ ಮನೆಗೆ ಹೋಗಿ ಚಹಾ ಕುಡಿದು ಬರಬೇಕಾಯಿತು. ಚೀಟಿ ಸಾಲದು, ಸ್ತ್ರೀಯರು ಮೇಲಂತಸ್ತಿನ ಸಭಾಂಗಣದಲ್ಲಿ ಕುಳಿತು ಮೈಕಿನಲ್ಲಿ ಮಾತನಾಡುವ ಏರ್ಪಾಡಾಗಬೇಕೆಂಬುದು ನಮ್ಮ ನಿಲುವು. ಅದು ಇನ್ನೂ ಆಗಿಲ್ಲ.

ಆ ರಾತ್ರಿ ಉಸ್ತಾದರು ಮೊದಲು ಮಾತನಾಡಿದರು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಚೀಟಿಗಳು 31 ಬಂದಿದ್ದುವು. ಅವುಗಳಲ್ಲಿ ಒಂದನ್ನು ಶಾಲಾ ಪುಸ್ತಕದ ಹಾಳೆ ಹರಿದು ಪೆನ್ಸಿಲಿನಲ್ಲಿ ಬರೆಯಲಾಗಿತ್ತು: ಬೆಳಗ್ಗೆ 6.30ಕ್ಕೆ ಆರಂಭಿಸಿ 7.30ಕ್ಕೆ ಬಿಟ್ಟರೆ ಮಕ್ಕಳನ್ನು ಎಬ್ಬಿಸಿ ಕಳುಹಿಸುವ ಹೊಣೆ ನಮ್ಮದು. ಮೊದಲ ಸಭೆಯ ಎರಡು ಗಂಟೆಗಳಲ್ಲಿ ಈ ಅರ್ಧ ಗಂಟೆಯ ಪರಿಹಾರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾವು ಅಂದು ನಮ್ಮ ಸರದಿಯನ್ನು ಬಿಟ್ಟುಕೊಟ್ಟೆವು; ಹೇಳುವುದಕ್ಕೂ ಏನೂ ಉಳಿದಿರಲಿಲ್ಲ.

ಮದ್ರಸ ಮುಂಜಾನೆಗೆ ಮರಳಿತು. ಏಳು ಹೆಣ್ಣುಮಕ್ಕಳಲ್ಲಿ ಐವರು ಮರಳಿ ಬಂದರು. ಒಬ್ಬಳ ಕುಟುಂಬ ಅಷ್ಟರಲ್ಲಿ ಊರು ಬಿಟ್ಟು ಹೋಗಿತ್ತು. ಇನ್ನೊಬ್ಬಳನ್ನು ಉಸ್ತಾದರು ಎರಡು ಬಾರಿ ಹೋಗಿ ಕರೆದರು. ತನಗಿಂತ ಕಿರಿಯ ಮಕ್ಕಳ ಜೊತೆ ಅದೇ ಪಾಠಕ್ಕೆ ಮತ್ತೆ ಕುಳಿತುಕೊಳ್ಳಲು ಆಕೆ ಒಪ್ಪಲಿಲ್ಲ.